ನಡೆದರೂ ಹತ್ತಿರವಾಗದ ಅಂಗಳ

ಹೋದ ವಾರ ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಒಂದು ವಿಡಿಯೋ ಕೂರಿಸುತ್ತಿದ್ದೆ. ಸುತ್ತ 360 ಡಿಗ್ರಿ ಕಾಣುವಂತೆ ತೆಗೆದ ವಿಡಿಯೋ. ಕೆಲಸವೇನೂ ಕಷ್ಟದ್ದಲ್ಲ. ವಿಡಿಯೋ ಪ್ಲೇಯರ್ ಎಂಬ ಭಾಗ ಫೈಲನ್ನು ಓದಿ, ಒಂದೊಂದೇ ಚಿತ್ರವನ್ನು ರೆಂಡರ್ ಟೆಕ್ಸ್ಚರ್ ಎಂಬ ಹಾಳೆಯ ಮೇಲೆ ಇಳಿಸುತ್ತದೆ. ವಿಡಿಯೋ 3840 × 1920 ಇದ್ದರೆ ಹಾಳೆಗೂ ಅದೇ ಅಳತೆ ಕೊಡಬೇಕು. ಕಡಿಮೆ ಕೊಟ್ಟರೆ ಮುಖಗಳು ಮಸುಕಾಗುತ್ತವೆ. ಆ ಹಾಳೆಯನ್ನು ಪನೋರಮಿಕ್ ಸ್ಕೈಬಾಕ್ಸ್‌ಗೆ ಹೊದಿಸಿದರೆ ಮುಗಿಯಿತು. ಚಪ್ಪಟೆ ಭೂಪಟವನ್ನು ಮತ್ತೆ ಗೋಳಕ್ಕೆ ಸುತ್ತಿದಂತೆ, ಆ ಚಿತ್ರ ನಮ್ಮ ಸುತ್ತ ಆಕಾಶವಾಗಿ ನಿಲ್ಲುತ್ತದೆ.

ವಿಡಿಯೋದಲ್ಲಿದ್ದದ್ದು ನಮ್ಮ ಅಜ್ಜಿಮನೆಯ ಅಂಗಳ. ಒಣಹಾಕಿದ ಅಡಿಕೆ, ಮೂಲೆಯಲ್ಲಿ ಬಾವಿ, ಜಗುಲಿಯಲ್ಲಿ ಅಜ್ಜಿ. ಹೆಡ್‌ಸೆಟ್ ಹಾಕಿಕೊಂಡು ಸುತ್ತ ನೋಡಿದೆ. ಎಲ್ಲವೂ ಇತ್ತು. ಅಜ್ಜಿಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ಅವಳು ಹತ್ತಿರ ಬರಲಿಲ್ಲ. ತಪ್ಪು ನನ್ನದಲ್ಲ, ಸ್ಕೈಬಾಕ್ಸ್‌ನ ಗುಣವೇ ಅದು. ಎಂಜಿನ್ ಅದನ್ನು ಮುಗಿಯದ ದೂರದಲ್ಲಿ ಇಟ್ಟಿರುತ್ತದೆ. ಕತ್ತು ತಿರುಗಿಸಿದರೆ ದೃಶ್ಯ ತಿರುಗುತ್ತದೆ. ಎಷ್ಟು ನಡೆದರೂ ದೂರ ಮಾತ್ರ ಕರಗುವುದಿಲ್ಲ.

ಎಲ್ಲ ದಿಕ್ಕಿಗೂ ನೋಡಬಲ್ಲೆ ಎಂದ ಮಾತ್ರಕ್ಕೆ ಅಲ್ಲಿ ಇದ್ದೇನೆ ಎಂದಾಗುತ್ತದೆಯೇ?

ಈ ಆಸೆ ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಇದಕ್ಕೇ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ದುಂಡನೆಯ ಕಟ್ಟಡವನ್ನೇ ತೆರೆದ. ಜನ ನಡುವಿನ ಕಟ್ಟೆಯ ಮೇಲೆ ನಿಂತು ಸುತ್ತಲಿನ ಚಿತ್ರ ನೋಡುತ್ತಿದ್ದರು. ಕಟ್ಟೆಯಿಂದ ಇಳಿದು ಚಿತ್ರದ ಬಳಿ ಹೋಗುವಂತಿರಲಿಲ್ಲ. ಹೋದರೆ ಭ್ರಮೆ ಒಡೆಯುತ್ತಿತ್ತು.

2015ರಲ್ಲಿ ವಿಶ್ವಸಂಸ್ಥೆಗಾಗಿ ‘ಕ್ಲೌಡ್ಸ್ ಓವರ್ ಸಿದ್ರಾ’ ಎಂಬ ಕಿರುಚಿತ್ರ ಬಂತು. ಜೋರ್ಡಾನಿನ ಜಾತರಿ ನಿರಾಶ್ರಿತರ ಶಿಬಿರದಲ್ಲಿದ್ದ ಹನ್ನೆರಡು ವರ್ಷದ ಸಿರಿಯಾದ ಹುಡುಗಿಯ ಕಥೆ. ಅದನ್ನು ಮಾಡಿದವರಲ್ಲಿ ಒಬ್ಬನಾದ ಕ್ರಿಸ್ ಮಿಲ್ಕ್, ಈ ಮಾಧ್ಯಮವನ್ನು ಸಹಾನುಭೂತಿಯ ಯಂತ್ರ ಎಂದು ಕರೆದ. ಆ ಚಿತ್ರ ನೋಡಿ ಯಾರದಾದರೂ ಮನಸ್ಸು ಕಲಕಿದ್ದರೆ ಅದನ್ನು ನಾನು ಹಗುರ ಮಾಡಲಾರೆ. ದೂರದ ನೋವಿನ ಮೊದಲ ಪರಿಚಯ ನಮಗೆ ಆಗುವುದು ಹೆಚ್ಚಾಗಿ ನೋಟದಿಂದಲೇ. ಆದರೆ ಸಾಕೆನಿಸಿದಾಗ ಹೆಡ್‌ಸೆಟ್ ತೆಗೆದಿಡುವ ಸೌಲಭ್ಯ ನೋಡುವವರಿಗಿದೆ, ಸಿದ್ರಾಳಿಗಿಲ್ಲ. ಈ ವ್ಯತ್ಯಾಸವನ್ನು ಮರೆಸುವಷ್ಟು ಯಂತ್ರ ಚೆನ್ನಾಗಿ ಕೆಲಸ ಮಾಡಿದರೆ, ಅಲ್ಲಿಂದ ಅಪಾಯ ಶುರು.

ಸಾಮಾನ್ಯ ಫೋಟೋಗೆ ಅಂಚುಗಳಿರುತ್ತವೆ. ಯಾರೋ ಒಬ್ಬರು ಇಷ್ಟನ್ನು ಆರಿಸಿದರು, ಉಳಿದದ್ದನ್ನು ಬಿಟ್ಟರು ಎಂದು ಆ ಅಂಚು ಒಪ್ಪಿಕೊಳ್ಳುತ್ತದೆ. 360 ಡಿಗ್ರಿ ಚಿತ್ರಕ್ಕೆ ಅಂಚಿಲ್ಲ. ಹಾಗಾಗಿ ಯಾರೂ ಏನನ್ನೂ ಆರಿಸಿಲ್ಲ, ಇದ್ದದ್ದು ಇದ್ದ ಹಾಗೇ ಇದೆ ಎಂದು ಕಾಣುತ್ತದೆ. ಆದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಯಾವಾಗ ಶುರುವಾಗಬೇಕು ಎಂದು ಯಾರೋ ನಿರ್ಧರಿಸಿಯೇ ಇರುತ್ತಾರೆ. ಕ್ಯಾಮೆರಾಕ್ಕೆ ಬೆನ್ನೇ ಇಲ್ಲದ ಕಾರಣ ಅದರ ಹಿಂದೆ ನಿಲ್ಲಲು ಜಾಗವಿಲ್ಲ. ಚಿತ್ರದಲ್ಲಿ ಬೇಡವೆಂದರೆ ತೆಗೆದವನು ಅಡಗಲೇಬೇಕು. ಆಮೇಲೆ ಟ್ರೈಪಾಡಿನ ಕಾಲುಗಳನ್ನೂ ಅಳಿಸುತ್ತಾರೆ.

ನಾನೂ ಅಡಗಿದ್ದೆ, ಕೊಟ್ಟಿಗೆಯ ಗೋಡೆಯ ಹಿಂದೆ. ವಿಡಿಯೋದ ಮೂರನೇ ನಿಮಿಷದಲ್ಲಿ ಅಜ್ಜಿ ಕೆಲಸ ನಿಲ್ಲಿಸಿ ತಲೆ ಎತ್ತುತ್ತಾಳೆ. ‘ಮಾಣಿ, ಎಲ್ಲಿ ಹೋದ್ಯೋ?’ ಎಂದು ಕರೆಯುತ್ತಾಳೆ. ಸುತ್ತ ನೋಡಿ, ಮತ್ತೊಮ್ಮೆ ಕರೆಯುತ್ತಾಳೆ. ಆ ದಿನ ನನಗೆ ಅದು ಕೇಳಿಸಿತ್ತು. ಓಗೊಟ್ಟರೆ ಶಾಟ್ ಹಾಳಾಗುತ್ತದೆಂದು ಸುಮ್ಮನಿದ್ದೆ. ಈಗ ಹೆಡ್‌ಸೆಟ್‌ನೊಳಗೆ ಅವಳು ನೇರ ನನ್ನನ್ನೇ ನೋಡಿ ಕರೆದಂತಿದೆ. ಈಗ ಓಗೊಡುವ ಮನಸ್ಸಿದೆ, ಆದರೆ ಕೇಳಿಸುವುದಿಲ್ಲ.

ಯಾರನ್ನಾದರೂ ಸರಿಯಾಗಿ ನೋಡುವುದೆಂದರೆ ಅವರಿಗೂ ನಾವು ಕಾಣುವಂತಿರುವುದು, ಕರೆದಾಗ ಸಿಗುವಂತಿರುವುದು ಎಂದು ಈಗ ತೋರುತ್ತದೆ. ಕಾಣದೆ ನೋಡುವವನಿಗೆ ಎಲ್ಲ ದಿಕ್ಕೂ ದಕ್ಕಬಹುದು, ಎದುರಿನ ಮನುಷ್ಯರು ಮಾತ್ರ ದಕ್ಕುವುದಿಲ್ಲ.

ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಕ್ಯಾಮೆರಾ ಒಯ್ದರೂ ಒಯ್ಯಬಹುದು. ಒಯ್ದರೆ ಅಂಗಳದಲ್ಲಿಟ್ಟು ನಾನೂ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತೇನೆ. ದೃಶ್ಯ ಕೆಡುತ್ತದೆ. ಕೆಡಲಿ.