ಬರಾಂಜಿನ ಮಣ್ಣು, ನಮ್ಮ ಮನೆಯ ದೀಪ

ಕರ್ನಾಟಕದ ನೆಲದಡಿ ಕಬ್ಬಿಣವಿದೆ, ಚಿನ್ನವಿದೆ, ಕಲ್ಲಿದ್ದಲಿಲ್ಲ. ರಾಯಚೂರಿನ ಶಕ್ತಿನಗರದ ಮತ್ತು ಬಳ್ಳಾರಿ ಬಳಿಯ ಕುಡತಿನಿಯ ವಿದ್ಯುತ್ ಸ್ಥಾವರಗಳಿಗೆ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಕುಡತಿನಿಯ ಸ್ಥಾವರಕ್ಕಾಗಿಯೇ ಕರ್ನಾಟಕ ವಿದ್ಯುತ್ ನಿಗಮ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜಿನಲ್ಲಿ ಗಣಿ ಪಡೆದಿತ್ತು. 2014ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದ 204 ಕಲ್ಲಿದ್ದಲು ಹಂಚಿಕೆಗಳಲ್ಲಿ ಅದೂ ಸೇರಿತ್ತು. ಬಳಿಕ ಗಣಿ ಮತ್ತೆ ನಮ್ಮ ನಿಗಮದ ಕೈಗೇ ಬಂತು. ಅಲ್ಲಿ ಭೂಮಿ ಬಿಟ್ಟುಕೊಟ್ಟವರು ಉದ್ಯೋಗಕ್ಕಾಗಿ, ಪುನರ್ವಸತಿಗಾಗಿ ವರ್ಷಗಟ್ಟಲೆ ಹೋರಾಡಿದರು. ನಮ್ಮ ಮನೆಯ ದೀಪಕ್ಕೂ ಆ ಹೊಲಗಳಿಗೂ ಇರುವ ನಂಟು ಇದು.

ತೆರೆದ ಗಣಿಯಲ್ಲಿ ಕಲ್ಲಿದ್ದಲಿಗಿಂತ ಮೊದಲು ಮೇಲೆ ಬರುವುದು ಹೊಲ. ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಬೀಜ, ಬೇರು, ಶಿಲೀಂಧ್ರ, ಎರೆಹುಳು ಎಲ್ಲ ಇರುವುದು. ಅದನ್ನು ಬೇರೆಯಾಗಿ ಕೆತ್ತಿ, ಎತ್ತರವಿಲ್ಲದ ರಾಶಿ ಹಾಕಿ, ಹುಲ್ಲು ಹೊದಿಸಿ ಕಾಯಬೇಕು. ಬೆಟ್ಟದಂತೆ ಪೇರಿಸಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಆ ಜೀವರಾಶಿ ಕ್ಷೀಣಿಸುತ್ತದೆ. ಇನ್ನು ಆಳದ ಕಲ್ಲುಮಣ್ಣಿನೊಂದಿಗೆ ಬೆರೆಸಿ ಡಂಪಿಗೆ ಸುರಿದರೆ ಅದು ಮರಳಿ ಸಿಗುವುದೇ ಇಲ್ಲ. ಹೆಪ್ಪಿಲ್ಲದೆ ಹಾಲು ಮೊಸರಾಗದು; ಮೇಲ್ಮಣ್ಣಿಲ್ಲದೆ ಮುಚ್ಚಿದ ಗುಂಡಿ ಹೊಲವಾಗದು. ಕಲ್ಲಿದ್ದಲಿನ ಪದರಗಳಲ್ಲಿ ಗಂಧಕ ಬೆರೆತ ಪೈರೈಟ್ ಇದ್ದರೆ, ಗಾಳಿ ಮತ್ತು ಮಳೆನೀರು ಸೋಕಿ ಅದು ಆಮ್ಲವಾಗುತ್ತದೆ. ಕಬ್ಬಿಣ ಕರಗಿ ಹಳ್ಳದ ಕಲ್ಲುಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಗಣಿ ನಿಂತರೂ ಈ ಕ್ರಿಯೆ ನಿಲ್ಲುವುದಿಲ್ಲ.

ಇದಕ್ಕೆಲ್ಲ ನಮ್ಮಲ್ಲಿ ನಿಯಮಗಳಿವೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಪಡೆದವರು ವರ್ಷಕ್ಕೆರಡು ಬಾರಿ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳ ಪಾಲನಾ ವರದಿ ಕೊಡಬೇಕು. 2009ರ ಗಣಿ ಮುಚ್ಚುವಿಕೆ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿಯ ಲೆಕ್ಕದಲ್ಲಿ, ಷರತ್ತು ಪೂರೈಸುವವರೆಗೆ ಹಣ ಹಿಡಿದಿಡುವ ಎಸ್ಕ್ರೋ ಖಾತೆಗೆ ಹಣ ಕಟ್ಟಿಸಿತು. ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಸಸ್ಯ-ಪ್ರಾಣಿಗಳಿಗೂ ತಕ್ಕಂತೆ ಮಾಡಿಕೊಡಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಿ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ನ್ಯಾಯಾಲಯ ಸಸಿಗಳ ಸಂಖ್ಯೆಗೆ ನಿಲ್ಲದೆ ಮೇವಿನ ಮಾತೆತ್ತಿದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಹಸು ಮೇಯುವುದಾದರೆ ಆ ನೆಲ ಜನರಿಗೆ ಮರಳಿದೆ ಎಂದೇ ಲೆಕ್ಕ.

ವರದಿಯಲ್ಲಿ ‘ಪಾಲಿಸಲಾಗಿದೆ’ ಎಂದು ಬರೆದದ್ದು ಒಂದು ಹೇಳಿಕೆ ಮಾತ್ರ, ಪುರಾವೆಯಲ್ಲ. ದೇವರ ಪವಾಡಕ್ಕೆ ಸಾಕ್ಷಿ ಕೇಳುವ ನಾವು ಸರ್ಕಾರಿ ಮೊಹರಿಗೂ ಸಾಕ್ಷಿ ಕೇಳಬೇಕು. ಡಂಪಿನ ಇಳಿಜಾರಿನಲ್ಲಿ ಅಕೇಶಿಯ ನೆಟ್ಟು ತೆಗೆದ ಫೋಟೋ ಹಸಿರಾಗಿ ಕಾಣುತ್ತದೆ. ಮೂರನೆಯ ಬೇಸಿಗೆಗೆ ಎಷ್ಟು ಸಸಿ ಉಳಿದವು, ಅವುಗಳ ಬುಡದಲ್ಲಿ ಹುಲ್ಲು ಹುಟ್ಟಿತೇ, ಬಾವಿಯ ನೀರಿನ ಆಮ್ಲತೆ ಎಷ್ಟು ಎಂಬುದನ್ನು ಮಾತ್ರ ಸ್ಥಳಕ್ಕೆ ಹೋಗಿ ಅಳೆದೇ ತಿಳಿಯಬೇಕು. ಅಮೆರಿಕದ 1977ರ ಕಲ್ಲಿದ್ದಲು ಗಣಿ ಕಾಯಿದೆ ಈ ವಿಷಯದಲ್ಲಿ ಕಾಲವನ್ನೇ ಸಾಕ್ಷಿಯಾಗಿಸಿತು. ಹಸಿರು ಹೊದಿಸಿದ ಮೇಲೂ ಗಣಿಯವರ ಹೊಣೆ 5 ವರ್ಷ ಮುಂದುವರಿಯುತ್ತದೆ. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆಯಾಗುವ ಕಡೆ 10 ವರ್ಷ. ಆ ಹೊಣೆ ತೀರುವವರೆಗೆ ಗಣಿಯವರು ಮುಂಚೆಯೇ ಇಟ್ಟ ಠೇವಣಿ ಪೂರ್ತಿ ಅವರ ಕೈಸೇರುವುದಿಲ್ಲ. ಅಲ್ಲಿಯೂ ಕಂಪನಿಗಳು ಬರೀ ತಮ್ಮ ಆಸ್ತಿಬಲ ತೋರಿಸಿ ಠೇವಣಿ ತಪ್ಪಿಸಿಕೊಳ್ಳಲು ದಾರಿಯಿತ್ತು. 2015–16ರಲ್ಲಿ ದೊಡ್ಡ ಕಂಪನಿಗಳೇ ದಿವಾಳಿ ಅರ್ಜಿ ಹಾಕಿದಾಗ ಅದರ ಅಪಾಯ ಎಲ್ಲರ ಕಣ್ಣಿಗೂ ಬಿತ್ತು. ಹಾಗಾಗಿ ನಗದು ಮೊದಲೇ ಬೇರೆ ಖಾತೆಯಲ್ಲಿರಬೇಕು ಎಂಬ ನಮ್ಮ ನಿಯಮ ಸರಿಯಾದದ್ದೇ. ಆದರೆ ಹಣ ಬಿಡುಗಡೆಗೆ ಸಹಿ ಹಾಕುವವರಲ್ಲಿ ಆ ಊರಿನ ರೈತರೂ ಇರಬೇಕು ಎಂದು ನಾನು ವಾದಿಸುತ್ತೇನೆ. ನೆಲದ ಗುಣ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಾಡಿನ ಬೆಳಕಿಗಾಗಿ ಕೆಲವರು ತ್ಯಾಗ ಮಾಡಲೇಬೇಕು ಎಂಬ ಮಾತು ನಮ್ಮ ನಡುವೆ ಸಲೀಸಾಗಿ ಓಡಾಡುತ್ತದೆ. ತನ್ನದನ್ನು ತಾನು ಒಪ್ಪಿ ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬನ ಹೊಲವನ್ನು ಬಹುಮತದ ಅನುಕೂಲಕ್ಕೆ ತೆಗೆದುಕೊಂಡು ಅದಕ್ಕೂ ಆ ಹೆಸರಿಡುವುದು ಹಳೆಯ ನರಬಲಿಯ ತರ್ಕ. ದೇವಿಯ ಜಾಗದಲ್ಲಿ ಅಭಿವೃದ್ಧಿ ಕೂತಿದೆ, ಅಷ್ಟೇ. ಗಣಿ ಬೇಡವೇ ಬೇಡ ಎನ್ನಲು ಇವತ್ತು ನನಗೆ ಬಾಯಿ ಬರುವುದಿಲ್ಲ, ಆಸ್ಪತ್ರೆಗೂ ಪಂಪ್‌ಸೆಟ್ಟಿಗೂ ವಿದ್ಯುತ್ ಬೇಕು. ಆದರೆ ತೆಗೆದುಕೊಂಡ ನೆಲವನ್ನು ಉಳುವಂತೆ ಮಾಡಿ ಹಿಂದಿರುಗಿಸುವ ಖರ್ಚು ಕಲ್ಲಿದ್ದಲಿನ ಬೆಲೆಯ ಭಾಗ. ಅದು ಪರಿಹಾರವೂ ಅಲ್ಲ, ಔದಾರ್ಯವೂ ಅಲ್ಲ. ಆ ಖರ್ಚು ಬಿಟ್ಟು ಹಾಕಿದ ಬಿಲ್ಲನ್ನು ನಾವು ಅಗ್ಗವೆಂದು ಕರೆದರೆ, ಉಳಿದದ್ದನ್ನು ಬರಾಂಜಿನ ಮಕ್ಕಳು ಕಟ್ಟುತ್ತಾರೆ.

ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯೂನಿಟ್ಟಿಗೆ ಎಷ್ಟು ಪೈಸೆ ಎಂದು ಅಲ್ಲಿ ವಾದಿಸುವ ನಮಗೆ ಇನ್ನೂ ಕೆಲವು ಪ್ರಶ್ನೆ ಕೇಳುವ ಹಕ್ಕಿದೆ: ನಮ್ಮ ಗಣಿಯ ಮೇಲ್ಮಣ್ಣು ಈಗ ಎಲ್ಲಿದೆ, ಎಷ್ಟು ಹೆಕ್ಟೇರ್ ಮರಳಿ ಉಳುವಂತಾಗಿದೆ, ಮುಚ್ಚುವಿಕೆಯ ಖಾತೆಯಲ್ಲಿ ಎಷ್ಟು ಹಣವಿದೆ, ಕೊನೆಯ ಸಲ ಅಲ್ಲಿನ ನೀರನ್ನು ಪರೀಕ್ಷಿಸಿದ್ದು ಯಾವಾಗ?