ಪೃಚ್ಛನೆಯೂ ಒಂದು ತಪಸ್ಸು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಅಂತರಂಗ ತಪಸ್ಸಿನಲ್ಲಿ ಸೇರಿಸಿ, ಅದಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ ಐದು ಭೇದಗಳನ್ನು ಹೇಳಿದ್ದಾರೆ. ಓದಿನ ಮರುಸ್ಥಾನವೇ ಪ್ರಶ್ನೆಗೆ ಸಂದಿದೆ. ಪಾಠವನ್ನು ಮರಳಿ ಮರಳಿ ಹೇಳಿಕೊಳ್ಳುವ ಆಮ್ನಾಯವು ನಾಲ್ಕನೆಯದು. ಇಂದಿನ ಅನೇಕ ತರಗತಿಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ.

ಅಹಿಂಸೆಯ ಪಾಠ ನಡೆದಿರುವಾಗ ಬಾಲಕಿಯೊಬ್ಬಳು ಎದ್ದು, "ಗಿಡಕ್ಕೂ ಜೀವವಿದೆಯಲ್ಲ ಸಾರ್, ಸೊಪ್ಪು ತಿಂದರೆ ಹಿಂಸೆಯಲ್ಲವೇ?" ಎಂದು ಕೇಳಿದಳೆನ್ನೋಣ. "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂಬುದು ಸುಲಭದ ಉತ್ತರ. ವಿವೇಕಿಗಳಾದ ಅಧ್ಯಾಪಕರು ಆ ಪ್ರಶ್ನೆಯನ್ನು ತರಗತಿಗೇ ಒಪ್ಪಿಸುತ್ತಾರೆ. ಗಿಡಕ್ಕೆ ಇಂದ್ರಿಯಗಳೆಷ್ಟು, ಇರುವೆಗೆಷ್ಟು, ಹಸುವಿಗೆಷ್ಟು ಎಂದು ಮರುಪ್ರಶ್ನಿಸುತ್ತಾರೆ. ಮಕ್ಕಳು ಒಂದು, ಮೂರು, ಐದು ಎಂದು ತಾವೇ ಎಣಿಸುತ್ತ, ತಮ್ಮತಮ್ಮೊಳಗೆ ವಾದಿಸುತ್ತ, ಗೃಹಸ್ಥನು ತ್ರಸಜೀವಿಗಳ ಹಿಂಸೆಯನ್ನು ತೊರೆದು ಸ್ಥಾವರಜೀವಿಗಳ ಹಿಂಸೆಯನ್ನು ಆದಷ್ಟು ಮಿತಗೊಳಿಸಬೇಕೆಂಬ ಅಣುವ್ರತದ ಮರ್ಮವನ್ನು ಮುಟ್ಟುತ್ತಾರೆ. ಹೀಗೆ ಕಂಡುಕೊಂಡ ತತ್ತ್ವವು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ.

ಪ್ರಶ್ನೆಗೆ ಅವಕಾಶವಿತ್ತರೆ ವಿನಯ ಕೆಡುವುದಿಲ್ಲವೇ, ಪಾಠ ಹಿಂದುಳಿಯುವುದಿಲ್ಲವೇ ಎಂಬ ಆಕ್ಷೇಪವುಂಟು. ಸಂಶಯ ನಿವಾರಣೆಗಾಗಿ ಅಥವಾ ತಿಳಿದುದನ್ನು ದೃಢಪಡಿಸಿಕೊಳ್ಳುವುದಕ್ಕಾಗಿ ಕೇಳುವುದೇ ಪೃಚ್ಛನೆಯೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಗುರುವನ್ನು ಸೋಲಿಸಲೆಂದು ಕೇಳುವುದು ಆ ಲೆಕ್ಕಕ್ಕೆ ಬಾರದು. ಅಂಥ ಪ್ರಶ್ನೆಯನ್ನು ತಿದ್ದಬಹುದು. ಆದರೆ ಅದರ ಭಯದಿಂದ ಎಲ್ಲ ಬಾಯಿಗಳನ್ನೂ ಮುಚ್ಚಿಸುವುದು ನ್ಯಾಯವಲ್ಲ. ಪಾಠ ಹಿಂದುಳಿದರೆ ಮುಂದಿನ ವಾರ ತುಂಬಿಕೊಳ್ಳಬಹುದು. ಒಮ್ಮೆ ಅಳುಕಿದ ಮಗು ಮತ್ತೆ ಕೈಯೆತ್ತುವುದು ಕಷ್ಟ.

ಇದು ಕೇವಲ ಬೋಧನಾಕ್ರಮದ ವಿಚಾರವಲ್ಲ. ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ಮಾತ್ಸರ್ಯವೂ ಜ್ಞಾನಕ್ಕೆ ಒಡ್ಡುವ ಅಂತರಾಯವೂ ಸೇರಿವೆ. ನಿಜವಾದ ಪ್ರಶ್ನೆಯನ್ನು ಗದರಿಸಿ ಅಡಗಿಸಿದಾಗ ನಷ್ಟ ಮಗುವಿಗೆ, ಬಂಧ ಗದರಿಸಿದವರಿಗೆ. ತಿಳಿಯದುದನ್ನು ತಿಳಿದಂತೆ ನಟಿಸುವುದಾದರೋ ಅಂಗಡಿಯ ಕಳ್ಳತೂಕಕ್ಕೆ ಸಮಾನ.

ದಿಗಂಬರ ಪರಂಪರೆಯಂತೆ ಕೇವಲಜ್ಞಾನ ಪ್ರಾಪ್ತವಾದ ಮೇಲೂ 66 ದಿನಗಳವರೆಗೆ ಮಹಾವೀರಸ್ವಾಮಿಯವರ ದಿವ್ಯಧ್ವನಿ ಹೊರಡಲಿಲ್ಲ. ಐನೂರು ಶಿಷ್ಯರ ಗುರುವಾಗಿದ್ದ ಇಂದ್ರಭೂತಿ ಗೌತಮರು, ತಮಗೆ ಉತ್ತರ ತೋರದ ಪ್ರಶ್ನೆಯೊಂದರ ನಿಮಿತ್ತ ಸಮವಸರಣಕ್ಕೆ ಬಂದಾಗ ಅದು ಮೊಳಗಿತು. ಗುರುವೇ ಶಿಷ್ಯನಾಗಿ ಪ್ರಥಮ ಗಣಧರನೆನಿಸಿದನು. "ನನಗೂ ತಿಳಿಯದು ಮಗು, ಕೂಡಿ ಹುಡುಕೋಣ" ಎನ್ನುವ ಅಧ್ಯಾಪಕರು ಆ ಪರಂಪರೆಯವರೇ ಸರಿ.