ಎದುರಿನವನ ಪಾಲಿನ ರಸ್ತೆ

ಸುಗ್ಗಿಯ ದಿನಗಳಲ್ಲಿ ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಹೊರಟವರು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಳ್ಳದೆ ಊರು ಸೇರುವುದು ಅಪರೂಪ. ಮಾನ್ವಿ ಕಡೆ ಭತ್ತ, ದೇವದುರ್ಗದ ಕಡೆ ಹತ್ತಿ. ಎರಡೂ ಬದಿಗೆ ಉಬ್ಬಿದ ಹತ್ತಿಯ ಹೇರು ಮುಂದಿನ ರಸ್ತೆಯನ್ನೇ ಮುಚ್ಚುತ್ತದೆ. ಅದನ್ನು ಹಿಂದಿಕ್ಕಲು ಮನಸ್ಸು ಚಡಪಡಿಸುವಾಗ ನನಗೊಂದು ಪ್ರಶ್ನೆ ಏಳುತ್ತದೆ: ನಾನು ಬಳಸಲಿರುವ ಆ ಬಲಭಾಗ ಯಾರದು?

ಅದು ಎದುರಿನಿಂದ ಬರುವವನ ಪಾಲು. ಓವರ್‌ಟೇಕ್ ಎಂದರೆ ಅವನನ್ನು ಕೇಳದೆ ತಂದ ಕಡ. ಎಷ್ಟು ಕಡ? ಟ್ರ್ಯಾಕ್ಟರ್ ಗಂಟೆಗೆ 30 ಕಿ.ಮೀ. ವೇಗದಲ್ಲಿದೆ, ನಾನು 60ರಲ್ಲಿ ದಾಟುತ್ತೇನೆ ಎನ್ನೋಣ. ಟ್ರಾಲಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ ಅದಕ್ಕಿಂತ 50 ಮೀಟರ್ ಹೆಚ್ಚು ಸಾಗಬೇಕು. 6 ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು 100 ಮೀಟರ್ ಹೋಗಿರುತ್ತೇನೆ, ಎದುರಿನವನು 60ರಲ್ಲಿದ್ದರೆ ಅವನೂ 100 ಮೀಟರ್ ಬಂದಿರುತ್ತಾನೆ. ಕಡೇಪಕ್ಷ 200 ಮೀಟರ್ ರಸ್ತೆ ಬರಿದಾಗಿರಬೇಕು. ನಿಧಾನದಿಂದ ವೇಗ ಏರಿಸುತ್ತ ಹೊರಟರೆ ಇನ್ನೂ ಹೆಚ್ಚು. ದಾಟದೆ ಅದರ ಹಿಂದೆಯೇ 2 ಕಿ.ಮೀ. ಹೋದರೆ ಆಗುವ ತಡ 2 ನಿಮಿಷ.

ಆ ಎರಡು ನಿಮಿಷಕ್ಕೆ ಬಡ್ಡಿ ಕಟ್ಟುವವನು ಬೇರೆ. ಎದುರಿಗೆ ಬೈಕು, ಹಿಂದೆ ಹೆಂಡತಿ, ನಡುವೆ ಮಗು. ಕಾರು ಮೈಮೇಲೆ ಬಂದಂತೆ ಕಂಡಾಗ ಅವನೇ ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿಯುತ್ತಾನೆ. ಮಳೆಯಾಗಿದ್ದರೆ ಆ ಮಣ್ಣು ಚಕ್ರವನ್ನು ಜಾರಿಸುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಕಾರಿನವರು ಹೋಗುತ್ತಾರೆ. ಆಗದಿದ್ದುದು ಅವನು ಇಳಿದದ್ದರಿಂದ.

ಟ್ರ್ಯಾಕ್ಟರಿನವನು ‘ಹೋಗ್ರಿ’ ಎಂದು ಕೈ ಬೀಸುವುದುಂಟು. ಅದು ಅವನ ಒಳ್ಳೆಯತನ. ಆದರೆ ಎದುರಿನವನ ಪಾಲನ್ನು ನನಗೆ ಕೊಡುವ ಹಕ್ಕು ಅವನಿಗೂ ಇಲ್ಲ. ನನ್ನ ಕಣ್ಣಿಗೇ ರಸ್ತೆ ಕಾಣಬೇಕು.

ಕಾಣಬೇಕಾದರೆ ಹಿಂದೆ ಸರಿಯಬೇಕು. ಹೇರಿಗೆ ಅಂಟಿಕೊಂಡವರಿಗೆ ಕಾಣುವುದು ಹತ್ತಿ ಮಾತ್ರ. ಡೀಸೆಲ್ಲಿನ ಲೆಕ್ಕವೂ ಇದನ್ನೇ ಹೇಳುತ್ತದೆ. ವೇಗ 30ರಿಂದ 60ಕ್ಕೆ ಏರಿದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ನುಗ್ಗಿ, ಹೆದರಿ ಬ್ರೇಕ್ ಹಾಕಿದರೆ ಅದಕ್ಕಾಗಿ ಸುಟ್ಟ ಇಂಧನ ಬರೀ ಬಿಸಿಯಾಗಿ ಹೋಗುತ್ತದೆ. ದೂರ ಉಳಿದು, ದಾರಿ ತೆರೆದಾಗ ಗೇರು ಇಳಿಸಿ ಒಂದೇ ಸಲಕ್ಕೆ ದಾಟಿ ಎಡಕ್ಕೆ ಸೇರಿದರೆ ಆ ನಷ್ಟವಿಲ್ಲ.

ಉಳಿದ ಡೀಸೆಲ್ ನನ್ನ ಲಾಭ. ಲಾಭವಿಲ್ಲದಿದ್ದರೂ ಕಾಯಬೇಕೇ? ಕಾಯಬೇಕು ಎನ್ನುತ್ತೇನೆ. ಆ ಬೈಕಿನವನು ನನಗೆ ಏನನ್ನೂ ಕೊಡಲು ಒಪ್ಪಿಲ್ಲ.